ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಕಾಡುಗಿಡಗಳಲ್ಲಿ ಪರಾಗಸ್ಪರ್ಶ: ಸಾರ್ವಜನಿಕರಿಗೆ ಮಾಹಿತಿ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಮರ ಕಡಿಯಲು ಅನುಮತಿ ಕೋರಿ ಅರ್ಜಿ ಸಲ್ಲಿಸುವವರು, ಸ್ವಂತ ಜಮೀನಿನಲ್ಲಿ ಶ್ರೀಗಂಧ ಬೆಳೆಸಿರುವವರು ಹಾಗೂ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಸದಸ್ಯರಿಗೆ ಅನುಕೂಲವಾಗುವಂತೆ ಈ ಮಾಹಿತಿಯನ್ನು ಒದಗಿಸಲಾಗಿದೆ.

ಈ ನಾಲ್ಕು ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಕಿತ್ತೂರಿನ ಪಶ್ಚಿಮ ಭಾಗವು ಮಲೆನಾಡಿನ ಅಂಚಿಗೆ ಸಮೀಪವಿದ್ದು ಹೆಚ್ಚು ಮಳೆ ಪಡೆಯುತ್ತದೆ. ಬೈಲಹೊಂಗಲದಲ್ಲಿ ಎರೆ ಭೂಮಿ ಹೆಚ್ಚು. ಸವದತ್ತಿ ಮತ್ತು ರಾಮದುರ್ಗದ ಕಡೆಗೆ ಸಾಗಿದಂತೆ ಮಳೆ ಕಡಿಮೆಯಾಗಿ, ಮರಳುಗಲ್ಲಿನ ಗುಡ್ಡಗಳು ಮತ್ತು ಕುರುಚಲು ಕಾಡು ಕಾಣಿಸುತ್ತವೆ. ಬೆಳಗಾವಿ ಅಂದು ಮುಂಬಯಿ ಪ್ರಾಂತದಲ್ಲಿದ್ದುದರಿಂದ, ಇಲ್ಲಿಯ ಗಿಡಮರಗಳ ಶಾಸ್ತ್ರೀಯ ವಿವರವು 1901ರಿಂದ 1908ರವರೆಗೆ ಪ್ರಕಟವಾದ ಥಿಯೊಡೋರ್ ಕುಕ್ ಅವರ ಮುಂಬಯಿ ಪ್ರಾಂತದ ಸಸ್ಯಸಂಪತ್ತಿನ ಗ್ರಂಥದಲ್ಲಿ ದೊರೆಯುತ್ತದೆ.

ಒಂದು ಹೂವಿನ ಕೇಸರದಲ್ಲಿರುವ ಪರಾಗವು ಅದೇ ಜಾತಿಯ ಹೂವಿನ ಶಲಾಕೆಯ ತುದಿಯನ್ನು ತಲುಪುವುದಕ್ಕೆ ಪರಾಗಸ್ಪರ್ಶ ಎನ್ನುತ್ತಾರೆ. ಇದು ನಡೆಯದಿದ್ದಲ್ಲಿ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ. ಗಿಡವು ಚಲಿಸಲಾರದ್ದರಿಂದ ಈ ಕೆಲಸಕ್ಕೆ ಗಾಳಿ, ಕೀಟ, ಪಕ್ಷಿ ಅಥವಾ ಪ್ರಾಣಿಯನ್ನು ಅವಲಂಬಿಸಬೇಕಾಗುತ್ತದೆ.

ಎಕ್ಕೆ ಮತ್ತು ತಂಗಡಿ

ರಥಸಪ್ತಮಿಯ ಸ್ನಾನಕ್ಕೆ ಎಲೆ ಕೀಳುವಾಗ ಹೊರತು ಎಕ್ಕೆಯ ಗಿಡವನ್ನು ಯಾರೂ ಹೆಚ್ಚಾಗಿ ಗಮನಿಸುವುದಿಲ್ಲ. ಆದರೆ ಅದರ ಹೂವಿನ ರಚನೆಯು ಅತ್ಯಂತ ಜಟಿಲವಾದುದು. ಇತರ ಹೂಗಳಂತೆ ಇದರ ಪರಾಗವು ಪುಡಿಯಾಗಿ ಉದುರದೆ ಮೇಣದಂತಹ ಸಣ್ಣ ಚೀಲಗಳಲ್ಲಿ ಅಡಕವಾಗಿರುತ್ತದೆ. ಎರಡೆರಡು ಚೀಲಗಳನ್ನು ಒಂದು ಕೊಂಡಿಯು ಜೋಡಿಸಿದ್ದು, ಪ್ರತಿ ಹೂವಿನಲ್ಲಿ ಇಂತಹ ಐದು ಜೋಡಿಗಳಿರುತ್ತವೆ. ಮರ ಕೊರೆಯುವ ದೊಡ್ಡ ಕಪ್ಪು ದುಂಬಿಯು ಮಕರಂದಕ್ಕಾಗಿ ಬಂದು ಕುಳಿತಾಗ ಅದರ ಕಾಲು ಹೂವಿನ ಸೀಳಿನಲ್ಲಿ ಜಾರುತ್ತದೆ. ಕಾಲನ್ನು ಎಳೆದುಕೊಳ್ಳುವಾಗ ಕೊಂಡಿಯು ಸಿಕ್ಕಿ ಎರಡೂ ಚೀಲಗಳು ಹೊರಬರುತ್ತವೆ. ಮುಂದಿನ ಹೂವಿನಲ್ಲಿ ಅದೇ ಬಗೆಯ ಸೀಳಿನೊಳಗೆ ಚೀಲವು ಸರಿಯಾಗಿ ಕುಳಿತರೆ ಮಾತ್ರ ಬೀಜವಾಗುತ್ತದೆ. ಕೀಟವು ಚಿಕ್ಕದಾಗಿದ್ದರೆ ಈ ಚೀಲಗಳನ್ನು ಎಳೆದು ತೆಗೆಯುವ ಬಲ ಅದಕ್ಕಿರುವುದಿಲ್ಲ. ನೂರಾರು ಹೂ ಬಿಟ್ಟ ಗಿಡದಲ್ಲಿ ಕೆಲವೇ ಕಾಯಿಗಳು ಕಾಣಸಿಗುವುದು ಈ ಕಾರಣದಿಂದಲೇ. ಅದನ್ನು ರೋಗವೆಂದು ತಿಳಿಯಬೇಕಾಗಿಲ್ಲ.

ಗುಡ್ಡದ ಇಳಿಜಾರು ಮತ್ತು ರಸ್ತೆ ಬದಿಗಳಲ್ಲಿ ಹಳದಿ ಹೂ ಬಿಡುವ ತಂಗಡಿಯು (ಆವರಿಕೆ) ಹಿಂದಿನಿಂದಲೂ ಚರ್ಮ ಹದಮಾಡುವ ತೊಗಟೆಗಾಗಿ ಹೆಸರಾದುದು. ಇದರ ಹೂವಿನಲ್ಲಿ ಮಕರಂದವಿಲ್ಲ. ದುಂಬಿಗೆ ದೊರೆಯುವುದು ಪರಾಗ ಮಾತ್ರ, ಅದೂ ಕೇಸರದ ತುದಿಯ ಸಣ್ಣ ರಂಧ್ರದಿಂದ ಹೊರಬರಬೇಕು. ದುಂಬಿಯು ಹೂವನ್ನು ಹಿಡಿದು ತನ್ನ ರೆಕ್ಕೆಯ ಸ್ನಾಯುಗಳನ್ನು ಕಂಪಿಸಿದಾಗ ಪರಾಗವು ಚಿಮ್ಮುತ್ತದೆ. ಗಿಡದ ಹತ್ತಿರ ನಿಂತರೆ ಈ ಸಮಯದಲ್ಲಿ ಗುಂಯ್ ಎಂಬ ಸದ್ದಿನ ಏರಿಳಿತ ಕೇಳಿಸುತ್ತದೆ. ಸಾಕಣೆಯ ತುಡುವೆ ಜೇನು ಹೀಗೆ ಕಂಪಿಸಲಾರದು. ಆದ್ದರಿಂದ ಜೇನು ಪೆಟ್ಟಿಗೆ ಇಟ್ಟ ಮಾತ್ರಕ್ಕೆ ಎಲ್ಲ ಕಾಡುಗಿಡಗಳಿಗೂ ಪರಾಗಸ್ಪರ್ಶವಾಗುವುದೆಂಬ ಅಭಿಪ್ರಾಯ ಸರಿಯಲ್ಲ.

ಸದರಿ ದುಂಬಿಯು ಒಣಮರ, ಬಿದಿರು ಮತ್ತು ಹಳೆಯ ತೊಲೆಗಳಲ್ಲಿ ರಂಧ್ರ ಕೊರೆದು ಮರಿ ಮಾಡುತ್ತದೆ. ಬದುವಿನ ಮೇಲಿನ ಒಣಕಟ್ಟಿಗೆಯನ್ನೆಲ್ಲ ತೆಗೆದು ಬೆಂಕಿ ಹಚ್ಚಿದಲ್ಲಿ ಅದರ ಗೂಡುಗಳೂ ನಾಶವಾಗುತ್ತವೆ.

ಮುತ್ತುಗ

ಪತ್ರಾವಳಿಗೆ ಎಲೆ ಕೊಡುವ ಮುತ್ತುಗವು ಹೋಳಿಯ ಸುಮಾರಿಗೆ ಎಲೆ ಉದುರಿಸಿ ಕೇಸರಿ ಬಣ್ಣದ ಹೂ ಬಿಡುತ್ತದೆ. ಇದಕ್ಕೆ ಪಕ್ಷಿಗಳು ಬೇಕು. ಹಲವು ಪಕ್ಷಿಗಳು ಮಕರಂದಕ್ಕಾಗಿ ಬರುತ್ತವಾದರೂ ಎಲ್ಲವೂ ಪರಾಗವನ್ನು ಸರಿಯಾದ ಸ್ಥಳಕ್ಕೆ ಮುಟ್ಟಿಸುವುದಿಲ್ಲ. ದೆಹಲಿಯ ಸಸ್ಯವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನವು ನೇರಳೆ ಸೂರಕ್ಕಿ ಮತ್ತು ಅಳಿಲುಗಳು ಈ ಕೆಲಸ ಮಾಡುತ್ತವೆ ಎಂದು ತೋರಿಸಿತು. ಹೊಲದ ಬೇಲಿಯಲ್ಲಿರುವ ಒಂಟಿ ಮರಕ್ಕಿಂತ ಹತ್ತಿರ ಹತ್ತಿರದ ಹಲವು ಮರಗಳಿರುವಲ್ಲಿ ಪರಾಗ ವಿನಿಮಯ ಸುಲಭ.

ಅತ್ತಿ, ಆಲ

ಅತ್ತಿ ಹಣ್ಣನ್ನು ಬಿಚ್ಚಿದರೆ ಹುಳು ಇರುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ವಾಸ್ತವದಲ್ಲಿ ಹಸಿ ಅತ್ತಿಕಾಯಿಯು ಒಳಮುಖವಾಗಿ ಅರಳಿದ ನೂರಾರು ಹೂಗಳ ಚೀಲ. ಸೂಕ್ಷ್ಮವಾದ ಹೆಣ್ಣು ಕಣಜವು ಅದರ ಬಾಯಿಯಿಂದ ಒಳಹೊಕ್ಕು, ತಾನು ಹುಟ್ಟಿದ ಕಾಯಿಯಿಂದ ತಂದ ಪರಾಗವನ್ನು ಬಿಟ್ಟು, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಅದರ ಗಂಡು ಮರಿಗಳಿಗೆ ರೆಕ್ಕೆಯಿಲ್ಲ. ಹೊರಬಂದ ಹೆಣ್ಣು ಕಣಜದ ಆಯುಸ್ಸು ಒಂದೆರಡು ದಿನ ಮಾತ್ರವಾಗಿದ್ದು, ಅಷ್ಟರೊಳಗೆ ಅದೇ ಜಾತಿಯ, ಹೂ ಸಿದ್ಧವಾಗಿರುವ ಇನ್ನೊಂದು ಮರ ದೊರಕಬೇಕು. ಮರಗಳು ಬೇರೆ ಬೇರೆ ಕಾಲದಲ್ಲಿ ಕಾಯಿ ಬಿಡುವುದರಿಂದ ಇದು ಸಾಧ್ಯವಾಗಿದೆ. ರಸ್ತೆ ಅಗಲೀಕರಣದಲ್ಲಿ ಹಳೆಯ ಆಲ, ಅತ್ತಿಗಳು ಒಂದೊಂದಾಗಿ ಹೋದಂತೆ ಉಳಿದ ಮರಗಳ ನಡುವಿನ ಅಂತರ ಹೆಚ್ಚುತ್ತದೆ. ಅಂತಹ ನಷ್ಟವನ್ನು ಬೇರೆ ಜಾತಿಯ ಸಸಿ ನೆಡುವುದರಿಂದ ತುಂಬಲಾಗದು.

ಶ್ರೀಗಂಧ

ಶ್ರೀಗಂಧವು ತನ್ನ ಬೇರುಗಳಿಂದ ಪಕ್ಕದ ಗಿಡಗಳ ಬೇರನ್ನು ಆಶ್ರಯಿಸುವ ಅರೆ ಪರಾವಲಂಬಿ. ಅದರ ಸಣ್ಣ ಹೂಗಳು ಅರಳಿದಾಗ ಒಣಹುಲ್ಲಿನ ಬಣ್ಣದಲ್ಲಿದ್ದು ನಂತರ ಕೆಂಪಾಗುತ್ತವೆ. ಜೇನು, ನೊಣ ಮತ್ತು ಚಿಟ್ಟೆಗಳು ಬರುತ್ತವೆ. ಬಹುಪಾಲು ಮರಗಳು ಸ್ವಂತ ಪರಾಗದಿಂದ ಚೆನ್ನಾಗಿ ಬೀಜ ಕಟ್ಟುವುದಿಲ್ಲ. ಒಂದೇ ಮರವುಳ್ಳ ರೈತರು ಬೀಜ ದೊರೆಯುತ್ತಿಲ್ಲವೆಂದು ಮರವನ್ನು ದೂಷಿಸುವುದು ಅನಾವಶ್ಯಕ. ಹಿಂದೆ ಜಮೀನಿನಲ್ಲಿರುವ ಶ್ರೀಗಂಧವೂ ಸರ್ಕಾರದ ಸೊತ್ತಾಗಿತ್ತು. ಕರ್ನಾಟಕ ಅರಣ್ಯ ಕಾಯಿದೆಗೆ 2001ರಲ್ಲಿ ಮಾಡಿದ ತಿದ್ದುಪಡಿಯಿಂದ ಜಮೀನಿನ ಹಕ್ಕುದಾರರಿಗೆ ಮರದ ಮೇಲೆ ಹಕ್ಕು ದೊರೆತಿದೆ. ಆದರೆ ಕಡಿಯಲು ಹಾಗೂ ಸಾಗಿಸಲು ಇಲಾಖೆಯ ಅನುಮತಿ ಪಡೆಯಬೇಕಾಗುತ್ತದೆ.

ಬೆಳೆಗೆ ಇದರ ಸಂಬಂಧ

ಸೂರ್ಯಕಾಂತಿಗೆ ಜೇನುನೊಣಗಳ ಅಗತ್ಯವಿದೆ. ಆದರೆ ಬೆಳೆಯ ಹೂ ಕೆಲವೇ ವಾರ ಇರುತ್ತದೆ. ಉಳಿದ ತಿಂಗಳುಗಳಲ್ಲಿ ಹೆಜ್ಜೇನು, ತುಡುವೆ, ಕೋಲುಜೇನುಗಳಿಗೆ ಬದು ಮತ್ತು ಗುಡ್ಡಗಳ ಕಾಡುಗಿಡಗಳೇ ಆಹಾರ. ಬೆಳೆ ಹೂ ಬಿಟ್ಟಿರುವಾಗ ಕೀಟನಾಶಕ ಸಿಂಪಡಿಸದಿರುವುದು ಸೂಕ್ತ. ಅನಿವಾರ್ಯವಾದಲ್ಲಿ ಜೇನಿನ ಓಡಾಟ ನಿಂತ ನಂತರ, ಸಂಜೆ ಸಿಂಪಡಿಸುವುದು.

ಅರ್ಜಿ ಸಲ್ಲಿಸುವವರ ಗಮನಕ್ಕೆ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ, 1976 ಅನ್ವಯವಾಗುವ ಪ್ರದೇಶಗಳಲ್ಲಿ ಮರ ಕಡಿಯಲು ವೃಕ್ಷ ಅಧಿಕಾರಿಯ ಪೂರ್ವಾನುಮತಿ ಕಡ್ಡಾಯ. ಅರ್ಜಿಯಲ್ಲಿ ಜಮೀನಿನ ಒಡೆತನದ ದಾಖಲೆ, ಮರಗಳ ಸಂಖ್ಯೆ, ಜಾತಿ, ಸುತ್ತಳತೆ ಹಾಗೂ ಕಡಿಯಲು ಕಾರಣವನ್ನು ನಮೂದಿಸತಕ್ಕದ್ದು. ನೀಲಗಿರಿ, ಗಾಳಿಮರ, ತೆಂಗು, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಜಾತಿಯ ಹೆಸರು ಖಚಿತವಿಲ್ಲದಿದ್ದಲ್ಲಿ ಸ್ಥಳೀಯ ಹೆಸರನ್ನೇ ಬರೆಯಬಹುದು. ಊಹೆಯ ಶಾಸ್ತ್ರೀಯ ಹೆಸರಿನಿಂದ ಪರಿಶೀಲನೆ ತಡವಾಗುತ್ತದೆ.

ಜೀವವೈವಿಧ್ಯ ಕಾಯಿದೆ, 2002ರಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಯಾವ ಗಿಡ ಯಾವ ತಿಂಗಳು ಹೂ ಬಿಡುತ್ತದೆ, ಹೆಜ್ಜೇನು ಯಾವ ಬಂಡೆಯಲ್ಲಿ ಕಟ್ಟುತ್ತದೆ ಎಂಬುದನ್ನು ಬಲ್ಲ ಕುರಿಗಾಹಿಗಳು ಮತ್ತು ಹಿರಿಯರು ತಮ್ಮ ಮಾಹಿತಿಯನ್ನು ಜನತಾ ಜೀವವೈವಿಧ್ಯ ದಾಖಲಾತಿಗಾಗಿ ತಮ್ಮ ಗ್ರಾಮ ಪಂಚಾಯಿತಿಯಲ್ಲಿ ಮೌಖಿಕವಾಗಿಯೂ ನೀಡಬಹುದು.