ಹಾರುವ ಸರೀಸೃಪಕ್ಕೆ ಎಂಜಿನ್ ಇತ್ತಾ?

ಇಲ್ಲಿ ಬರೆಯದೆ ಬಹಳ ದಿನಗಳಾದವು. ಪೀಣ್ಯದಲ್ಲಿ ನಾಲ್ಕು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವನಿಗೆ ಬಿಡುವು ಅನ್ನೋದು ಆರ್ಡರ್ ಇಲ್ಲದಾಗ ಮಾತ್ರ. ಈಗ ಬರೆಯುತ್ತಿರುವುದಕ್ಕೆ ಕಾರಣ ನನ್ನ ಮಗಳು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ನಾನು ಅವಳಿಗೆ ಹೇಳಿಕೊಟ್ಟ ಒಂದು ತಪ್ಪು.

ಅವಳ ಸ್ಕೂಲಿನಲ್ಲಿ ವಿಜ್ಞಾನ ಪ್ರದರ್ಶನ. ಇವಳ ಪಾಲಿಗೆ ಬಂದದ್ದು ಟೆರೋಸಾರ್. ಡೈನೋಸಾರ್‌ಗಳ ಕಾಲದಲ್ಲಿ ಆಕಾಶದಲ್ಲಿದ್ದ ಸರೀಸೃಪಗಳು (ಡೈನೋಸಾರ್‌ಗಳಲ್ಲ, ಅವುಗಳ ದಾಯಾದಿಗಳು ಅನ್ನಬಹುದು). "ಅಪ್ಪಾ, ಇವು ನಿಜವಾಗ್ಲೂ ಹಾರ್ತಿದ್ವಾ?" ಅಂದಳು. ನಾನು ಚಿಕ್ಕಂದಿನಲ್ಲಿ ಓದಿದ ಯಾವುದೋ ಪುಸ್ತಕ ನೆನಪಿಸಿಕೊಂಡು, "ಹಾರ್ತಿರ್ಲಿಲ್ಲ ಪುಟ್ಟಿ, ಬೆಟ್ಟದ ಮೇಲಿಂದ ಜಿಗಿದು ತೇಲ್ತಿದ್ವು ಅಷ್ಟೇ. ನಮ್ಮೂರ ತೋಟದ ಹಾರುವ ಓತಿ ಥರ" ಅಂದೆ. ಅವಳು ಅದನ್ನೇ ದಪ್ಪಕ್ಷರದಲ್ಲಿ ಚಾರ್ಟಿನ ಮೇಲೆ ಬರೆದಳು. ಪ್ರದರ್ಶನದ ದಿನ ದೊಡ್ಡ ಕ್ಲಾಸಿನ ಹುಡುಗನೊಬ್ಬ ಎಲ್ಲರೆದುರಿಗೇ "ಇದು ತಪ್ಪು" ಅಂದನಂತೆ. ಸಂಜೆ ಚಾರ್ಟು ನಾಲ್ಕು ಮಡಿಕೆಯಾಗಿ ನನ್ನ ಊಟದ ತಟ್ಟೆಯ ಪಕ್ಕಕ್ಕೆ ಬಂತು. ಮಾತಿಲ್ಲ, ಕತೆಯಿಲ್ಲ.

ಹಾರುವ ಓತಿ ಗೊತ್ತಲ್ಲ? ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಹೇಳಬೇಕಿಲ್ಲ. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಈಗಲೂ ಇದೆ. ಪಕ್ಕೆಲುಬುಗಳನ್ನು ಕೊಡೆಯ ಕಡ್ಡಿಯಂತೆ ಹೊರಕ್ಕೆ ಬಿಚ್ಚಿದರೆ ನಡುವಿನ ಚರ್ಮ ಅಗಲವಾಗುತ್ತದೆ. ಒಂದು ಮರದಿಂದ ಇನ್ನೊಂದು ಮರಕ್ಕೆ ಜಾರಿಕೊಂಡು ಹೋಗುತ್ತದೆ. ರೆಕ್ಕೆ ಬಡಿಯುವುದಿಲ್ಲ, ಬಡಿಯಲಿಕ್ಕೆ ಅಲ್ಲಿ ರೆಕ್ಕೆಯೇ ಇಲ್ಲ. ಎಂಜಿನ್ ಇಲ್ಲದ ಗ್ಲೈಡರ್ ಅನ್ನಿ. ಮಲೆನಾಡಿನವನಾದ ನನಗೆ ಹಾರುವ ಸರೀಸೃಪ ಅಂದರೆ ಅದೊಂದೇ ಅಳತೆಗೋಲು. ಎಡವಿದ್ದೂ ಅಲ್ಲೇ.

ಸಮಾಧಾನದ ಸಂಗತಿಯೆಂದರೆ, ನನಗಿಂತ ದೊಡ್ಡವರೂ ಇಲ್ಲಿ ಎಡವಿದ್ದಾರೆ. 1784ರಲ್ಲಿ ಕೊಲಿನಿ ಎಂಬಾತ ಜರ್ಮನಿಯ ಸುಣ್ಣಕಲ್ಲಿನಲ್ಲಿ ಸಿಕ್ಕ ಮೊದಲ ಅಸ್ಥಿಪಂಜರವನ್ನು ವಿವರಿಸಿದ. ಇದು ಹಾರುತ್ತಿತ್ತು ಎಂದು ಅವನಿಗೆ ಹೊಳೆಯಲೇ ಇಲ್ಲ, ಸಮುದ್ರದ ಪ್ರಾಣಿ ಇರಬಹುದು ಅಂದ. 1801ರಲ್ಲಿ ಫ್ರಾನ್ಸಿನ ಕುವಿಯೇ, ಬರೀ ಚಿತ್ರ ನೋಡಿ, "ಇದು ಹಾರುವ ಸರೀಸೃಪ" ಎಂದು ಗುರುತಿಸಿದ. ಉದ್ದ ಕೋಲಿನಂತೆ ಬೆಳೆದ ನಾಲ್ಕನೇ ಬೆರಳು, ಅಂದರೆ ನಮ್ಮ ಉಂಗುರ ಬೆರಳು, ರೆಕ್ಕೆಯ ಚರ್ಮವನ್ನು ಹಿಡಿದಿತ್ತು. ಆದರೂ ಸೊಮ್ಮರಿಂಗ್ ಇದನ್ನು ಬಾವಲಿಯ ಬಳಗ ಅಂದ. 1830ರಲ್ಲಿ ವಾಗ್ಲರ್, ಅದು ಪೆಂಗ್ವಿನ್‌ನಂತೆ ರೆಕ್ಕೆಯಲ್ಲಿ ಈಜುತ್ತಿತ್ತು ಅಂದುಬಿಟ್ಟ!

ಆಮೇಲೆ ಜಗಳ ರಕ್ತದ ಮೇಲೆ ಬಂತು. 'ಡೈನೋಸಾರ್' ಪದ ಕೊಟ್ಟ ರಿಚರ್ಡ್ ಓವೆನ್ ಪ್ರಕಾರ ಟೆರೋಸಾರ್‌ಗಳದ್ದು ಹಲ್ಲಿಗಳಂತೆ ತಣ್ಣನೆಯ ರಕ್ತ. ತಣ್ಣನೆಯ ರಕ್ತದ ಪ್ರಾಣಿ ಹೊತ್ತುಗಟ್ಟಲೆ ರೆಕ್ಕೆ ಬಡಿಯುವಷ್ಟು ಶಕ್ತಿ ಎಲ್ಲಿಂದ ತರಬೇಕು? ಸೀಲಿ ಒಪ್ಪಲಿಲ್ಲ. ಇವು ಬಿಸಿರಕ್ತದ, ಹಕ್ಕಿಗಳಂತೆ ಚುರುಕಾದ ಪ್ರಾಣಿಗಳು ಎಂದು ವಾದಿಸಿ, 1901ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅವನ ಮಾತು ಬಹುಕಾಲ ನಡೆಯಲಿಲ್ಲ.

ನನಗೆ ಇಷ್ಟವಾದ ಪಾತ್ರ ಮುಂದೆ ಬರುತ್ತದೆ. ಅರ್ನೆಸ್ಟ್ ಹ್ಯಾಂಕಿನ್. 1892ರಲ್ಲಿ ಭಾರತಕ್ಕೆ ಬಂದು ಆಗ್ರಾದಲ್ಲಿ ಸರ್ಕಾರಿ ಬ್ಯಾಕ್ಟೀರಿಯಾ ತಜ್ಞನಾಗಿದ್ದವನು. ಗಂಗೆ-ಯಮುನೆಯರ ನೀರು ಕಾಲರಾ ರೋಗಾಣುವನ್ನು ಕೊಲ್ಲುತ್ತದೆ ಎಂದು 1896ರಲ್ಲಿ ಬರೆದವನೂ ಇವನೇ. ಬಿಡುವಿನಲ್ಲಿ ಆಗ್ರಾದ ಆಕಾಶ ನೋಡುತ್ತಾ ಹದ್ದು, ರಣಹದ್ದುಗಳನ್ನು ಗಮನಿಸುತ್ತಿದ್ದ. ಬೆಳಿಗ್ಗೆ ಯಾವ ಹಕ್ಕಿ ಎಷ್ಟು ಹೊತ್ತಿಗೆ ರೆಕ್ಕೆ ಬಡಿಯದೆ ಮೇಲೇರತೊಡಗುತ್ತದೆ ಎಂದು ಬರೆದಿಡುತ್ತಿದ್ದ. ಹಗುರವಾದ ಹದ್ದು ಮೊದಲು, ಭಾರದ ರಣಹದ್ದು ಆಮೇಲೆ. ಅದೆಲ್ಲ 1913ರಲ್ಲಿ ಪುಸ್ತಕವಾಯಿತು. ಮರುವರ್ಷವೇ ವಾಟ್ಸನ್ ಎಂಬ ಪಳೆಯುಳಿಕೆ ತಜ್ಞನ ಜೊತೆ ಸೇರಿ ಟೆರೋಡ್ಯಾಕ್ಟಿಲ್‌ಗಳ ಹಾರಾಟದ ಬಗ್ಗೆ ಒಂದು ವಿಮಾನಶಾಸ್ತ್ರ ಪತ್ರಿಕೆಯಲ್ಲಿ ಬರೆದ. ರೈಟ್ ಸೋದರರು ಹಾರಿ ಆಗಿನ್ನೂ ಹನ್ನೊಂದು ವರ್ಷ! ದೊಡ್ಡ ಟೆರೋಸಾರ್‌ಗಳು ಮುಖ್ಯವಾಗಿ ಗಾಳಿಯ ಮೇಲೆ ತೇಲುವಂಥವು ಎಂಬುದು ಅವರ ತೀರ್ಮಾನ. 1974ರಲ್ಲಿ ಬ್ರಾಮ್‌ವೆಲ್ ಮತ್ತು ವಿಟ್‌ಫೀಲ್ಡ್ (ನಮ್ಮ ವೈಟ್‌ಫೀಲ್ಡಿಗೂ ಇವರಿಗೂ ಸಂಬಂಧವಿಲ್ಲ) ಲೆಕ್ಕ ಹಾಕಿದಾಗಲೂ ಸುಮಾರು 7 ಮೀಟರ್ ರೆಕ್ಕೆಹರವಿನ ಟೆರನೊಡಾನ್‌ಗೆ ಬಂದ ತೂಕ 17 ಕೆಜಿಗಿಂತ ಕಡಿಮೆ. ಕಡಲ ದಂಡೆಯ ಬಂಡೆಗಳ ಮೇಲೇರುವ ಗಾಳಿಯಲ್ಲಿ ತೇಲುವ ಹಗುರ ಜೀವಿ. ನಾನು ಚಿಕ್ಕಂದಿನಲ್ಲಿ ಓದಿದ್ದು ಈ ಕಾಲದ ವಿಜ್ಞಾನ.

ಇಷ್ಟು ಓದಿ ಮರುದಿನ ಶೆಡ್ಡಿನ ಹೊರಗೆ ಟೀ ಕುಡಿಯುತ್ತಾ ನಿಂತಿದ್ದೆ. ಹನ್ನೊಂದು ಗಂಟೆ ಬಿಸಿಲು, ಸುತ್ತ ಬರೀ ತಗಡಿನ ಚಾವಣಿ. ಕಾದ ತಗಡಿನಿಂದ ಎದ್ದ ಬಿಸಿಗಾಳಿಯಲ್ಲಿ ಮೂರು ಹದ್ದುಗಳು ಸುತ್ತುತ್ತಿದ್ದವು. ಒಂದಾದರೂ ರೆಕ್ಕೆ ಅಲುಗಿಸಲಿಲ್ಲ. ಆದರೆ ಅದೇ ಹದ್ದು ಬೆಳಿಗ್ಗೆ ಏಳಕ್ಕೆ ವಿದ್ಯುತ್ ಕಂಬದಿಂದ ಎದ್ದಾಗ ಪಟಪಟ ಬಡಿದುಕೊಂಡೇ ಹೋಗಿದ್ದನ್ನು ನಾನು ದಿನಾ ನೋಡುತ್ತೇನೆ. ಅಂದರೆ ಹದ್ದಿಗೆ ಎಂಜಿನ್ ಇದೆ. ಬೇಡವಾದಾಗ ಆಫ್ ಮಾಡುತ್ತದೆ, ಅಷ್ಟೇ. ತೇಲುತ್ತಿತ್ತು ಎಂದು ತೋರಿಸಿದ ಮಾತ್ರಕ್ಕೆ ಬಡಿಯಲಾರದಾಗಿತ್ತು ಎಂದಾಗುವುದಿಲ್ಲ. ಓತಿಯದ್ದು ಬೇರೆ ಜಾತಿ, ಅದಕ್ಕೆ ಎಂಜಿನ್ನೇ ಇಲ್ಲ. ನಾನು ಇವೆರಡನ್ನೂ ಒಂದೇ ಲೆಕ್ಕಕ್ಕೆ ಹಾಕಿದ್ದೆ.

ಹಾಗಾದರೆ ಟೆರೋಸಾರ್‌ಗೆ ಎಂಜಿನ್ ಇತ್ತೆಂದು ಹೇಗೆ ಗೊತ್ತು? ಉತ್ತರ ಮೂಳೆಯಲ್ಲಿದೆ, ಮತ್ತು ಅದು ನಮ್ಮ ಕಸುಬಿನವರಿಗೆ ಬೇಗ ಅರ್ಥವಾಗುತ್ತದೆ. ತೋಳಿನ ಮೂಳೆಯ ಮೇಲ್ತುದಿಯಲ್ಲಿ ಒಂದು ದೊಡ್ಡ ಏಣು ಹೊರಚಾಚಿದೆ. ಎದೆಯ ಸ್ನಾಯು ಅಲ್ಲಿ ಹಿಡಿದು ರೆಕ್ಕೆಯನ್ನು ಕೆಳಕ್ಕೆಳೆಯಬೇಕು. ಶುದ್ಧ ಲಿವರ್! ಸ್ನಾಯುವಿನ ಇನ್ನೊಂದು ತುದಿಗೆ ಅಗಲವಾದ ಎದೆಮೂಳೆ. ಟೆರನೊಡಾನ್‌ನಲ್ಲಂತೂ ಬೆನ್ನಿನ ಕಶೇರುಗಳು ಒಂದಕ್ಕೊಂದು ಬೆಸೆದುಕೊಂಡು, ಭುಜದ ಮೂಳೆ ಬಂದು ಕೂರಲು ಗಟ್ಟಿ ಆಧಾರವಾಗಿವೆ. ನೋಡಿದರೆ ಬೇರಿಂಗ್ ಹೌಸಿಂಗ್ ನೆನಪಾಗುತ್ತದೆ. ಸುಮ್ಮನೆ ರೆಕ್ಕೆ ಚಾಚಿಕೊಂಡು ಜಾರುವವನಿಗೆ ಇಷ್ಟೆಲ್ಲ ಯಾಕೆ? ಮೂಳೆಗಳೋ ಟೊಳ್ಳು, ಗೋಡೆಯ ದಪ್ಪ ಹಲವೆಡೆ ಸುಮಾರು ಒಂದು ಮಿಲಿಮೀಟರ್. ಅದನ್ನೇ ದುರ್ಬಲತೆ ಎಂದುಕೊಂಡವರಿದ್ದಾರೆ. ಪೀಣ್ಯದಲ್ಲಿ ಯಾರನ್ನಾದರೂ ಕೇಳಿ: ಒಂದೇ ತೂಕದ ಗಟ್ಟಿ ಸರಳಿಗಿಂತ ದೊಡ್ಡ ವ್ಯಾಸದ ಪೈಪು ಬಾಗುವುದಕ್ಕೂ ತಿರುಚುವುದಕ್ಕೂ ಹೆಚ್ಚು ಜಗ್ಗುವುದಿಲ್ಲ.

1983ರಲ್ಲಿ ಕೆವಿನ್ ಪೇಡಿಯನ್ ಈ ಮೂಳೆಗಳನ್ನೇ ಮುಂದಿಟ್ಟುಕೊಂಡು, ಇವು ರೆಕ್ಕೆ ಬಡಿದು ಹಾರಿದವು ಎಂದು ವಾದಿಸಿದರು. ಅಲ್ಲಿಂದ ಗಾಳಿ ತಿರುಗಿತು. 2009ರಲ್ಲಿ ಇನ್ನೊಂದು ತಂಡ, ಹಕ್ಕಿಗಳಿಗಿರುವಂಥ ಗಾಳಿಚೀಲಗಳು ಇವುಗಳಿಗೂ ಇದ್ದವೆಂದು ತೋರಿಸಿತು. ಹೆಚ್ಚು ಗಾಳಿ ಎಳೆದುಕೊಳ್ಳುವ ಏರ್ಪಾಡು ಇದ್ದರೆ ಎಂಜಿನ್ ಇತ್ತೆಂದೇ ಅಲ್ವಾ?

ಹಾಗಂತ ಜಗಳ ಮುಗಿಯಲಿಲ್ಲ. ಟೆಕ್ಸಾಸ್‌ನಲ್ಲಿ 1971ರಲ್ಲಿ ಸಿಕ್ಕ ಕ್ವೆಟ್ಜಾಲ್‌ಕೊಆಟ್ಲಸ್‌ನ ರೆಕ್ಕೆಹರವು ಹತ್ತು ಮೀಟರ್‌ಗೂ ಹೆಚ್ಚು, ತೂಕ 200 ಕೆಜಿಗೂ ಮೇಲಿರಬಹುದೆಂದು ಈಗಿನ ಅಂದಾಜು. ಜಪಾನಿನ ಸಾಟೊ, ದೊಡ್ಡ ಕಡಲಹಕ್ಕಿಗಳ ಮೈಗೆ ಉಪಕರಣ ಕಟ್ಟಿ ಅವು ರೆಕ್ಕೆ ಬಡಿಯುವ ವೇಗ ಅಳೆದು, 41 ಕೆಜಿ ಮೀರಿದರೆ ಹಾಗೆ ಹಾರಾಟ ಮುಂದುವರಿಸಲಾಗದು ಎಂದು 2009ರಲ್ಲಿ ಹೇಳಿದರು. ಮರುವರ್ಷ ವಿಟ್ಟನ್ ಮತ್ತು ಹಬೀಬ್ ಉತ್ತರ ಕೊಟ್ಟರು: ಟೆರೋಸಾರ್ ಹಕ್ಕಿಯಲ್ಲ. ಹಕ್ಕಿ ಕಾಲಿನಿಂದ ಜಿಗಿಯುತ್ತದೆ. ಇದು ನಾಲ್ಕು ಕಾಲಿನ ಮೇಲೆ ನಡೆಯುವ ಪ್ರಾಣಿ, ರೆಕ್ಕೆಯ ತೋಳುಗಳನ್ನೇ ನೆಲಕ್ಕೆ ಒತ್ತಿ ಚಿಮ್ಮಿರಬೇಕು. ಹಾರಲು ಬೇಕಾದ ಸ್ನಾಯುವೇ ಚಿಮ್ಮಲೂ ದುಡಿದರೆ ಭಾರದ ಲೆಕ್ಕ ಬದಲಾಗುತ್ತದೆ. ನನಗೆ ಇವರ ವಾದವೇ ಸರಿ ಅನ್ನಿಸುತ್ತದೆ. ಸಾಟೊ ಅವರ ಅಳತೆ ತಪ್ಪಲ್ಲ, ಅಳತೆಗೋಲು ಹಕ್ಕಿಯದ್ದು. ನನ್ನದು ಓತಿಯದ್ದಾಗಿದ್ದ ಹಾಗೆ.

ಅಂದ ಹಾಗೆ, ಪಾಲ್ ಮ್ಯಾಕ್‌ಕ್ರೀಡಿ ಎಂಬ ಎಂಜಿನಿಯರ್ ಇದರ ಅರ್ಧ ಅಳತೆಯ, ಮೋಟಾರಿನಿಂದ ರೆಕ್ಕೆ ಬಡಿಯುವ ಮಾದರಿ ಮಾಡಿ 1986ರಲ್ಲಿ ಹಾರಿಸಿದರು. ಮರುಭೂಮಿಯಲ್ಲಿ ಚೆನ್ನಾಗಿ ಹಾರಿತು. ಅದೇ ಮೇ ತಿಂಗಳಲ್ಲಿ ವಾಷಿಂಗ್ಟನ್ ಬಳಿ ಜನರೆದುರು ಹಾರಿಸಿದಾಗ ಬಿದ್ದು ಮುರಿಯಿತು. ಪ್ರದರ್ಶನದ ದಿನವೇ ಕೈಕೊಡುವುದು ಎಲ್ಲ ಕಡೆ ಇದ್ದದ್ದೇ :)

ಭಾನುವಾರ ಮಗಳನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಒಂದು ಗಟ್ಟಿ ಸರಳು, ಒಂದು ಪೈಪು ಕೈಗೆ ಕೊಟ್ಟು ಬಾಗಿಸು ಅಂದೆ. ಬಾಗಿಸಿದಳು, ನಕ್ಕಳು, ಮಾತು ಶುರುವಾಯಿತು. ಆಮೇಲೆ ನನ್ನ ಟೇಪು ಕಿತ್ತುಕೊಂಡು ಶೆಡ್ಡಿನ ಅಗಲ ಅಳೆದಳು. ಮೂವತ್ತಡಿ. "ಅಪ್ಪಾ, ಕ್ವೆಟ್ಜಾಲ್ ಒಳಗೆ ಹಿಡಿಸಲ್ಲ, ಎರಡೂ ಕಡೆ ರೆಕ್ಕೆ ಹೊರಗೆ ಬರತ್ತೆ" ಅಂದಳು. ಹೊಸ ಚಾರ್ಟಿನಲ್ಲಿ ಶೆಡ್ಡಿನ ಚಿತ್ರವೂ ಇದೆ.