ಬ್ಲಡ್ ಗ್ರೂಪ್ ಬೇರೆಯಿದ್ದರೆ ಸೋದರಮಾವನ ಜೊತೆ ಮದುವೆಯಾಗಬಹುದೇ?

“ಸಂಬಂಧ ಒಳಗಿನದೇ, ಆದರೆ ಇಬ್ಬರ ಬ್ಲಡ್ ಗ್ರೂಪ್ ಬೇರೆ. ಮಕ್ಕಳಿಗೆ ಏನೂ ಆಗಲ್ಲ.” ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೆಣ್ಣು ನೋಡುವ ಮನೆಗಳಲ್ಲೂ ವಾಟ್ಸಾಪ್‌ನಲ್ಲೂ ಓಡಾಡುವ ಮಾತಿದು. ಇದು ತಪ್ಪು.

ತಪ್ಪೆಂದು ತಿಳಿಯಲು ಲ್ಯಾಬ್ ಬೇಕಿಲ್ಲ. ಅಣ್ಣನದು ‘ಎ’, ಒಡಹುಟ್ಟಿದ ತಂಗಿಯದು ‘ಒ’ ಇರುವ ಮನೆಗಳು ಎಷ್ಟಿಲ್ಲ? ಎ, ಬಿ, ಒ ಗುಂಪನ್ನು ತೀರ್ಮಾನಿಸುವುದು ಒಂದೇ ಒಂದು ಜೀನ್. ನಮ್ಮಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳೇ ಸುಮಾರು 20,000. ಉಳಿದವುಗಳ ಬಗ್ಗೆ ಬ್ಲಡ್ ಗ್ರೂಪ್ ಏನೂ ಹೇಳುವುದಿಲ್ಲ. (ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಇದ್ದರೆ ಇಂಜೆಕ್ಷನ್ ಬೇಕಾಗುತ್ತದೆ, ನಿಜ. ಅದು ಸಂಬಂಧಿಕರಲ್ಲದವರಿಗೂ ಅಷ್ಟೇ.)

“ಬೆಡಗು ಬೇರೆ” ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಬೆಡಗು, ಗೋತ್ರ ತಂದೆಯ ಕಡೆಯ ಲೆಕ್ಕ. ಜೀನ್‌ಗಳಲ್ಲಿ ಅರ್ಧ ತಾಯಿಯಿಂದ ಬರುತ್ತವೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ನಾಲ್ಕನೇ ಒಂದು ಭಾಗ ಜೀನ್‌ಗಳು ಒಂದೇ ಮೂಲದವು. ಅತ್ತೆಯ ಮಗಳು, ಮಾವನ ಮಗ, ಮುಸ್ಲಿಂ ಕುಟುಂಬಗಳಲ್ಲಾದರೆ ಚಿಕ್ಕಪ್ಪನ ಮಕ್ಕಳು: ಇವರಲ್ಲಿ ಎಂಟನೇ ಒಂದು ಭಾಗ.

ಪ್ರತಿ ಜೀನ್‌ಗೂ ಎರಡು ಪ್ರತಿ. ಒಂದು ಕೆಟ್ಟರೂ ಇನ್ನೊಂದು ಕೆಲಸ ಮಾಡುವುದರಿಂದ ಎಷ್ಟೋ ಜನರಿಗೆ ತಮ್ಮಲ್ಲಿ ದೋಷವಿರುವುದೇ ಗೊತ್ತಿರುವುದಿಲ್ಲ. ಒಬ್ಬ ಅಜ್ಜನಿಂದ ಅದೇ ದೋಷ ಗಂಡ-ಹೆಂಡತಿ ಇಬ್ಬರಿಗೂ ಬಂದಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರಲ್ಲ ಎಂದಲ್ಲ. ಪ್ರತಿ ಸಲವೂ ಅದೇ ಲೆಕ್ಕ. ಹುಟ್ಟು ಕಿವುಡುತನ, ಥಲಸ್ಸೇಮಿಯಾ, ಕೆಲವು ಚಯಾಪಚಯ ರೋಗಗಳು ಹೀಗೇ ಬರುತ್ತವೆ. ದೋಷ ಇಬ್ಬರಿಂದಲೂ ಬಂದಿರುತ್ತದೆ. ಬೈಗುಳ ಮಾತ್ರ ಸೊಸೆಗೆ.

ಹಾಗಂತ “ಹುಟ್ಟುವ ಮಕ್ಕಳೆಲ್ಲ ಅಂಗವಿಕಲರು” ಎಂಬ ಫಾರ್ವರ್ಡ್ ಕೂಡ ಸುಳ್ಳು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಸಾವಿರಾರು ಶಿಶುಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟು ದೋಷದ ಅಪಾಯ ನೂರಕ್ಕೆ ಸುಮಾರು 3 ಇದ್ದದ್ದು ಅತ್ತೆ-ಮಾವ, ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳ ನಡುವಿನ ಮದುವೆಗಳಲ್ಲಿ 6 ಆಗಿತ್ತು. ಅಂದರೆ 94 ಮಕ್ಕಳಿಗೆ ಅಂಥ ದೋಷವಿಲ್ಲ. ಸೋದರಮಾವನ ಸಂಬಂಧ ಇನ್ನೂ ಹತ್ತಿರದ್ದು, ಹಾಗಾಗಿ ಅಪಾಯವೂ ಹೆಚ್ಚು. ತಲೆಮಾರುಗಳಿಂದ ಒಳಗೊಳಗೇ ಮದುವೆಯಾಗುತ್ತ ಬಂದ ಮನೆತನದಲ್ಲಿ ಮತ್ತಷ್ಟು. ಒಂದು ಮನೆಗೆ ಸಣ್ಣದೆನಿಸುವ ಈ ಅಂತರ ರಾಜ್ಯಕ್ಕೆ ಸಣ್ಣದಲ್ಲ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 27 ಮಹಿಳೆಯರು ಮದುವೆಯಾಗಿರುವುದು ಸಂಬಂಧಿಕರನ್ನೇ.

ಮಾತು ಮುಗಿದು ತಾರೀಖೂ ಗೊತ್ತಾಗಿದ್ದರೆ? ಬ್ಲಡ್ ಗ್ರೂಪ್ ಚೀಟಿಯ ಬದಲು ಎರಡೂ ಮನೆಯ ಮೂರು ತಲೆಮಾರು ಬರೆದುಕೊಳ್ಳಿ: ಯಾರಿಗೆ ಕಿವಿ ಕೇಳುತ್ತಿರಲಿಲ್ಲ, ಯಾವ ಕೂಸು ಕಾರಣ ತಿಳಿಯದೆ ಹೋಯಿತು. ಅದನ್ನು ಹಿಡಿದು ವೈದ್ಯರ ಬಳಿ ಹೋಗಿ. ಥಲಸ್ಸೇಮಿಯಾ ವಾಹಕರೇ ಎಂಬುದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಬಸಿರಾದ ಮೇಲೆ 18ರಿಂದ 20ನೇ ವಾರದ ಸ್ಕ್ಯಾನಿಂಗ್ ತಪ್ಪಿಸಬೇಡಿ.

ಮಗು ಹುಟ್ಟಿದ ಮೊದಲ ತಿಂಗಳಲ್ಲೇ ಕಿವಿ ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಕಿವುಡುತನದ ತಪಾಸಣೆ ಉಚಿತ; ಆಶಾ ಕಾರ್ಯಕರ್ತೆಯನ್ನು ಕೇಳಿ. ಎರಡು ವರ್ಷವಾದರೂ ಮಾತು ಬಾರದಿದ್ದಾಗ “ಅವರಪ್ಪನೂ ತಡವಾಗೇ ಮಾತಾಡಿದ್ದ” ಎಂದು ಕಾಯುತ್ತ ಕೂರಬೇಡಿ.