ದೋರಸಮುದ್ರದ ಹುಡುಗ ದಂಡನಾಯಕ

ಹೊಯ್ಸಳ ವಿಷ್ಣುವರ್ಧನನ ಅರಮನೆಯಲ್ಲಿ ತಂದೆಯಿಲ್ಲದ ಹುಡುಗನೊಬ್ಬ ಬೆಳೆಯುತ್ತಿದ್ದ. ಹೆಸರು ಬಿಟ್ಟಿಯಣ್ಣ. ದಂಡನಾಯಕನಾಗಿದ್ದ ಅಪ್ಪ ಚಿನ್ನರಾಜ, ಮಗ ಇನ್ನೂ ಚಿಕ್ಕವನಿರುವಾಗಲೇ ತೀರಿಕೊಂಡಿದ್ದ. ದೊರೆ ಅವನನ್ನು ಸ್ವಂತ ಮಗನಂತೆ ಸಾಕಿದ. 7-8 ವರ್ಷಕ್ಕೆ ತಾನೇ ಮುಂದೆ ನಿಂತು ಉಪನಯನ ಮಾಡಿಸಿದ. 10-11 ವರ್ಷವಾಗುವ ಹೊತ್ತಿಗೆ ಹುಡುಗನ ಬುದ್ಧಿ ದರ್ಭೆಯ ತುದಿಯಷ್ಟು ಚೂಪಾಗಿತ್ತಂತೆ. ಆಗ ಅವನಿಗೆ ‘ಮಹಾಪ್ರಚಂಡ ದಂಡನಾಯಕ’ ಎಂಬ ಬಿರುದು ಸಿಕ್ಕಿತು. ಎಳೆಯ ಪ್ರಾಯದಲ್ಲೇ ಸೇನೆ ತೆಗೆದುಕೊಂಡು ಹೋಗಿ, ಅರ್ಧ ತಿಂಗಳೊಳಗೆ ಕೊಂಗುನಾಡನ್ನು ಗೆದ್ದು ಬಂದ.

ಇಷ್ಟನ್ನೂ ಹೇಳುವುದು 1137ರ ಬೇಲೂರಿನ ಒಂದು ಶಾಸನ.

ಅರಮನೆಯ ಕವಿ ಬರೆದ ಹೊಗಳಿಕೆಯಲ್ಲಿ ಉತ್ಪ್ರೇಕ್ಷೆ ಇದ್ದೇ ಇರುತ್ತದೆ, ಅದನ್ನು ಕಳೆದೇ ಓದಬೇಕು. ಆದರೆ ಕವಿ ಯಾವುದನ್ನು ಹೊಗಳಲು ಆರಿಸಿಕೊಂಡ ಎನ್ನುವುದರಲ್ಲಿ ಆ ಕಾಲದ ಮನಸ್ಸು ಕಾಣುತ್ತದೆ. ಹುಡುಗ ಗೆದ್ದದ್ದನ್ನು ಮಾತ್ರ ಆತ ಹೇಳಿ ಸುಮ್ಮನಾಗಲಿಲ್ಲ. ರಾಜನೀತಿಯವರು ‘ಉಪಧೆ’ ಎನ್ನುವ ನಾಲ್ಕು ಪರೀಕ್ಷೆಗಳಲ್ಲೂ ಅವನು ಗಟ್ಟಿಯಾಗಿ ನಿಂತ ಎಂದ. ಧರ್ಮ, ಹಣ, ಕಾಮ, ಭಯ ಈ ನಾಲ್ಕನ್ನು ಒಡ್ಡಿ ಮಂತ್ರಿಗಳನ್ನು ಒರೆಗೆ ಹಚ್ಚಬೇಕೆಂದು ಅರ್ಥಶಾಸ್ತ್ರ ಹೇಳುತ್ತದೆ. ನೆರೆತ ತಲೆಯವರೂ ಸೋಲುವ ಪರೀಕ್ಷೆ ಅದು. ಅಧಿಕಾರವೆಲ್ಲ ಕೈಗೆ ಬಂದ ಮೇಲೆ ಅವನು ಎಲ್ಲರಿಗೂ ಉಪಕಾರ ಮಾಡುವವನಾದ ಎಂದೂ ಶಾಸನ ಸೇರಿಸುತ್ತದೆ. ಒಬ್ಬನೇ ಹುಡುಗನ ಧೈರ್ಯವನ್ನೂ ಒಳ್ಳೆಯತನವನ್ನೂ ಒಟ್ಟಿಗೆ ಬರೆದಿಟ್ಟ ಇಂಥ ಕಲ್ಲು ಅಪರೂಪ. ಬಿಟ್ಟಿಯಣ್ಣನೂ ಋಣ ಮರೆಯಲಿಲ್ಲ. ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಬಸದಿ ಕಟ್ಟಿಸಿ ತನ್ನನ್ನು ಸಾಕಿದವನ ಹೆಸರನ್ನೇ ಇಟ್ಟ: ವಿಷ್ಣುವರ್ಧನ ಜಿನಾಲಯ.

ಹುಲಿಕೆರೆಯ ಕೊಳವೂ ಬಿಟ್ಟಿಯಣ್ಣನ ಶತಮಾನದ್ದೇ. ಹಳೇಬೀಡಿನಿಂದ ಕೆಲವೇ ಕಿಲೋಮೀಟರು. ಕಲ್ಲಿನ ಮೆಟ್ಟಿಲುಗಳು ನಾಲ್ಕೂ ಕಡೆಯಿಂದ ನೀರಿಗೆ ಇಳಿಯುತ್ತವೆ, ನಡುನಡುವೆ ಸುತ್ತಲೂ ಪುಟ್ಟ ಪುಟ್ಟ ಗುಡಿಗಳು. ಇಂಥ ಮೆಟ್ಟಿಲುಗಳ ಮೇಲೆ ಮೊಬೈಲು ಹಿಡಿದು ಕೂತ ಹೈಸ್ಕೂಲು ಹುಡುಗರನ್ನು ಕಂಡರೆ ದೊಡ್ಡವರ ಬಾಯಲ್ಲಿ ಬರುವ ಮಾತು ಎಲ್ಲ ಊರಲ್ಲೂ ಒಂದೇ: ಈಗಿನ ಹುಡುಗರಿಗೆ ಭಯವಿಲ್ಲ, ಭಕ್ತಿಯಿಲ್ಲ, ಮನೆ ಮಠ ಬೇಕಿಲ್ಲ. ಈ ಮಾತು ಆಡುವವರು ನಿಂತಿರುವ ನೆಲದ ಚರಿತ್ರೆ ಮಾತ್ರ ಬೇರೆಯದೇ ಹೇಳುತ್ತದೆ.

ಸಾಹಸ ಮಾಡಿದವರನ್ನು ಊರು ಗುರುತಿಸಬೇಕು ಎಂಬ ಪದ್ಧತಿ ಈ ಸೀಮೆಯಲ್ಲಿ ಬಹಳ ಹಳೆಯದು. ಇದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಕ್ರಿ.ಶ. 450ರ ಸುಮಾರಿನದೆನ್ನುವ ಕನ್ನಡ ಶಾಸನದ ವಿಷಯವೇ ಅದು. ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿಯನ್ನು ‘ಬಾಳ್ಗಳ್ಚು’ ಎಂದು ಬಿಟ್ಟುಕೊಟ್ಟರು. ಕತ್ತಿಯ ರಕ್ತ ತೊಳೆದದ್ದಕ್ಕೆ ಕೊಟ್ಟ ಭೂಮಿ. ಸತ್ತವನ ಮನೆಯವರಿಗೆ ಕೊಡುವ ದತ್ತಿಗೆ ನೆತ್ತರುಗೊಡಗೆ ಎಂಬ ಹೆಸರಿತ್ತು. ಕನ್ನಡ ತನ್ನ ಹಳೆಯ ಕಲ್ಲುಗಳಲ್ಲೊಂದರಲ್ಲಿ ಬರೆದುಕೊಂಡದ್ದು ಒಬ್ಬನ ಧೈರ್ಯಕ್ಕೆ ಸಂದ ಮರ್ಯಾದೆಯನ್ನು.

ಅರಸೀಕೆರೆ, ಬೇಲೂರು ಸೀಮೆಯಲ್ಲಿ ಕಾಣುವ ವೀರಗಲ್ಲುಗಳಲ್ಲಿ ಆ ಮರ್ಯಾದೆ ಸಾಮಾನ್ಯರಿಗೂ ಸಿಕ್ಕಿತು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಹಲವರು ಸತ್ತದ್ದು ರಾಜ್ಯಕ್ಕಾಗಿ ಅಲ್ಲ. ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ಊರಿನ ದನ ಬಿಡಿಸಲು ಹೋಗಿ ಸತ್ತರು, ಹೆಂಗಸರ ಮಾನ ಕಾಯಲು ಅಡ್ಡ ನಿಂತು ಸತ್ತರು. ಈ ಕಲ್ಲುಗಳಲ್ಲಿ ವಯಸ್ಸು ಬರೆಯುವ ರೂಢಿ ಇರಲಿಲ್ಲ. ದನದ ಹಿಂದೆ ಮೊದಲು ಓಡಿದವರಲ್ಲಿ ದನ ಕಾಯುವ ಹುಡುಗರೂ ಇದ್ದಿರಬೇಕು ಎಂದು ಊಹಿಸಲು ದೊಡ್ಡ ಪಾಂಡಿತ್ಯ ಬೇಕಿಲ್ಲ.

ವಂಶದ ಮೂಲಕಥೆಗೂ ಹೊಯ್ಸಳರು ಒಬ್ಬ ಶಿಷ್ಯನನ್ನೇ ಆರಿಸಿಕೊಂಡರು. ಅಂಗಡಿಯಲ್ಲಿ, ಅಂದಿನ ಸೊಸೆವೂರಿನಲ್ಲಿ, ಗುರುವಿನ ಮೇಲೆ ಬೀಳಲಿದ್ದ ಹುಲಿಯನ್ನು ಸಳ ಕೊಂದ ಕಥೆ ಅದು. ಇದು ಐತಿಹ್ಯ ಎಂಬುದನ್ನು ಇತಿಹಾಸಕಾರರು ಒಪ್ಪುತ್ತಾರೆ. ಆದರೆ ಬೇಲೂರಿನ ಚೆನ್ನಕೇಶವನ ಬಾಗಿಲ ಬಳಿ ಕೆತ್ತಿದ ಸಳನನ್ನು ಹತ್ತಿರ ನಿಂತು ನೋಡಬೇಕು. ಎದುರಿಗಿರುವ ಮೃಗ ಅವನಿಗಿಂತ ಎಷ್ಟೋ ದೊಡ್ಡದು, ಎರಡು ಕಾಲ ಮೇಲೆದ್ದು ಮೈಮೇಲೇ ಬಂದಿದೆ. ಒಬ್ಬ ದೊರೆ ತನ್ನ ಲಾಂಛನಕ್ಕೆ ಸಿಂಹಾಸನ ಆರಿಸಬಹುದಿತ್ತು. ಗುರುವನ್ನು ಉಳಿಸಲು ಮುನ್ನುಗ್ಗಿದ ಶಿಷ್ಯನನ್ನು ಆರಿಸಿದ.

ಎಳೆಯರನ್ನು ನಂಬುವ ಈ ಬುದ್ಧಿ ರಾಜರ ಕಾಲಕ್ಕೆ ಮುಗಿಯಲಿಲ್ಲ. 1942ರ ಆಗಸ್ಟ್ 15ರಂದು ಹುಬ್ಬಳ್ಳಿಯಲ್ಲಿ ಸ್ವಾತಂತ್ರ್ಯ ಹೋರಾಟದ ವೇಳೆ ಪೊಲೀಸರ ಗುಂಡಿಗೆ ಬಲಿಯಾದ ನಾರಾಯಣ ಡೋಣಿ ಇನ್ನೂ ಶಾಲೆಗೆ ಹೋಗುವ ಹುಡುಗ. ಅದೇ ವರ್ಷ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಮ್ಮದೇ ಸರ್ಕಾರ ಕಟ್ಟಿದಾಗ ಅಮಲ್ದಾರನ ಪಟ್ಟ ಕೊಟ್ಟದ್ದು ಜಯಣ್ಣ ಎಂಬ ಹುಡುಗನಿಗೆ, ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಆದವನು ಮಲ್ಲಪ್ಪಯ್ಯ ಎಂಬ ಇನ್ನೊಬ್ಬ ಹುಡುಗ. ಎಳೆಯರನ್ನು ಜೈಲಿಗೆ ಹಾಕಲಾರರು ಎಂಬ ಲೆಕ್ಕವೂ ಹಿರಿಯರಿಗೆ ಇತ್ತೆನ್ನುತ್ತಾರೆ. ಲೆಕ್ಕ ಏನೇ ಇರಲಿ, ಊರಿಗೆ ಊರೇ ಹುಡುಗರ ಮಾತಿನಂತೆ ನಡೆಯಲು ಒಪ್ಪಿತ್ತು. ಮುಂದೆ ಆ ಊರಿನ ಐವರು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿದರು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಹೋರಾಟ ನಡೆಯಬೇಕಾಯಿತು. 1947ರ ಸೆಪ್ಟೆಂಬರ್‌ನಲ್ಲಿ ಗುಂಡೇಟಿಗೆ ಸತ್ತ ವಿದ್ಯಾರ್ಥಿ ರಾಮಸ್ವಾಮಿಯ ಹೆಸರು ಮೈಸೂರಿನ ವೃತ್ತವೊಂದಕ್ಕಿದೆ. ದಿನವೂ ಸಾವಿರಾರು ಜನ ಬಸ್ಸಿಳಿದು ಆ ಹೆಸರು ಹೇಳುತ್ತಾರೆ, ಅದು ಒಬ್ಬ ವಿದ್ಯಾರ್ಥಿಯದು ಎಂದು ಬಲ್ಲವರು ಕಡಿಮೆ.

ಸ್ವತಂತ್ರ ಭಾರತದಲ್ಲಿ ಮಕ್ಕಳ ಶೌರ್ಯ ಪ್ರಶಸ್ತಿ ಶುರುವಾದದ್ದೂ ಒಬ್ಬ ಹುಡುಗನಿಂದಲೇ. 1957ರ ಅಕ್ಟೋಬರ್ 2ರಂದು ದೆಹಲಿಯ ರಾಮಲೀಲಾ ಮೈದಾನದಲ್ಲಿ ನೆಹರೂ ಕೂತಿದ್ದ ಶಾಮಿಯಾನಕ್ಕೆ ಬೆಂಕಿ ಬಿತ್ತು. 14 ವರ್ಷದ ಸ್ಕೌಟ್ ಹರಿಶ್ಚಂದ್ರ ಮೆಹ್ರಾ ತನ್ನ ಚಾಕುವಿನಿಂದ ಬಟ್ಟೆ ಸೀಳಿ ಜನರಿಗೆ ದಾರಿ ಮಾಡಿದ. ಕರ್ನಾಟಕ ಸರ್ಕಾರ ತನ್ನ ಪ್ರಶಸ್ತಿಗೆ ಹೆಸರು ಹುಡುಕಿದಾಗ ಬೇಲೂರು-ಹಳೇಬೀಡಿನ ಕಡೆಗೇ ತಿರುಗಿತು. ಸಾಹಸ ತೋರಿದ ಹುಡುಗರಿಗೆ ‘ಹೊಯ್ಸಳ’, ಹುಡುಗಿಯರಿಗೆ ‘ಕೆಳದಿ ಚೆನ್ನಮ್ಮ’. ಎರಡನೆಯ ಹೆಸರೂ ಸುಮ್ಮನೆ ಬಂದದ್ದಲ್ಲ. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಇನ್ನೂ 19 ವರ್ಷ. ಅವನಿಗೆ ಆಶ್ರಯ ಕೊಟ್ಟರೆ ಯುದ್ಧ ಬರುತ್ತದೆಂದು ಗೊತ್ತಿದ್ದೂ ಕೆಳದಿಯ ರಾಣಿ ಚೆನ್ನಮ್ಮ ಬಾಗಿಲು ತೆರೆದಳು. ಯುದ್ಧ ಬಂದೇ ಬಂತು, ಎದುರಿಸಿದಳು.

ಆದರೂ ಈ ಶೌರ್ಯ ಪ್ರಶಸ್ತಿಗಳಲ್ಲಿ ಕೊರತೆಯೊಂದು ಉಳಿದೇ ಇದೆ. ನೀರಿಗೆ ಹಾರಿ ಗೆಳೆಯನನ್ನು ಎಳೆದು ತಂದರೆ ಅರ್ಜಿ ಬರೆಯಬಹುದು, ಸಾಕ್ಷಿ ಕೊಡಬಹುದು. ಹಾಸಿಗೆ ಹಿಡಿದ ಅಜ್ಜಿಗೆ ಉಣ್ಣಿಸಿ, ಹಟ್ಟಿ ಬಳಿದು, ಆಮೇಲೆ ಬಸ್ಸು ಹಿಡಿದು ಶಾಲೆಗೆ ಹೋಗುವ ಹುಡುಗಿಗೆ ಯಾವ ಅರ್ಜಿಯೂ ಇಲ್ಲ. ಬಿಟ್ಟಿಯಣ್ಣನ ಶಾಸನ ಬರೆದವನು ಉಪಕಾರಕ್ಕೂ ಒಂದು ಸಾಲು ಇಟ್ಟಿದ್ದ. ಈಗಿನ ನಮೂನೆಗಳಲ್ಲಿ ಆ ಕಾಲಂ ಇಲ್ಲ.

ಧೈರ್ಯವೂ ಉಪಕಾರವೂ ಒಂದೇ ಕಡೆ ಕಂಡದ್ದು 2019ರ ಆಗಸ್ಟ್‌ನ ಪ್ರವಾಹದಲ್ಲಿ. ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯ ನೀರು ಸೇತುವೆಯೊಂದರ ಮೇಲೆ ಹರಿಯುತ್ತಿತ್ತು. ಹೆಣ ಮತ್ತು ಕೆಲವು ಮಕ್ಕಳಿದ್ದ ಆಂಬುಲೆನ್ಸ್ ದಡದಲ್ಲಿ ನಿಂತಿತ್ತು, ರಸ್ತೆ ಎಲ್ಲಿದೆ ಎಂದು ಚಾಲಕನಿಗೆ ಕಾಣುತ್ತಿರಲಿಲ್ಲ. ಅಲ್ಲೇ ಇದ್ದ 12 ವರ್ಷದ ಹುಡುಗ ನೀರಿಗಿಳಿದ. ಮುಳುಗಿದ ಸೇತುವೆಯ ಮೇಲೆ ಕಾಲಿಂದ ದಾರಿ ತಡಕುತ್ತ, ನಡುವೆ ಎಡವಿ ಮತ್ತೆ ಎದ್ದು, ಆಂಬುಲೆನ್ಸಿನ ಮುಂದೆ ಓಡಿ ಆಚೆ ದಡ ಮುಟ್ಟಿಸಿದ. ಆ ಸ್ವಾತಂತ್ರ್ಯ ದಿನದಂದು ಜಿಲ್ಲಾಡಳಿತ ಅವನನ್ನು ಸನ್ಮಾನಿಸಿತು, ಮುಂದಿನ ಜನವರಿಯಲ್ಲಿ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯ ಪಟ್ಟಿಯಲ್ಲಿ ಅವನ ಹೆಸರಿತ್ತು. ಕೇಳಲು ಬಂದ ಪತ್ರಕರ್ತರಿಗೆ ಅವನು ಹೇಳಿದ್ದಿಷ್ಟೇ: ಇದು ಶೌರ್ಯವೋ ಅಲ್ಲವೋ ತನಗೆ ಗೊತ್ತಿಲ್ಲ, ಡ್ರೈವರಿಗೆ ಸಹಾಯ ಮಾಡಬೇಕು ಅನ್ನಿಸಿತು.